ಒಂದೇ ಬೊಂಬೆಯ ಹಡಗು

ಮರದ ಹಡಗನ್ನು ಕಂಕುಳಲ್ಲಿ ಇಟ್ಟುಕೊಂಡು ಮುದುಕರು ಮೂರನೆಯ ಸಲವೂ ಅಂಗಡಿ ಹತ್ತಿದಾಗ ನಿಯಾಜ್ ಲೇತ್ ನಿಲ್ಲಿಸಿಬಿಟ್ಟ.

“ಮುಳುಗಲಿಲ್ಲ,” ಎಂದರು ನಂಜುಂಡಯ್ಯ, ಬೆಂಚಿನ ಮೇಲೆ ಕೂರುತ್ತ.

“ಮೇಷ್ಟ್ರೇ, ಅದು ಹಾಲೆ ಮರ. ಮುಳುಗು ಅಂದ್ರೆ ಮುಳುಗ್ತದಾ? ಮೂವತ್ತು ವರ್ಷದಿಂದ ಬೊಂಬೆ ಮಾಡ್ತಿವ್ನಿ. ಮಾಲು ಗಟ್ಟಿಯಾಗೈತೆ ಅಂತ ವಾಪಸ್ ತಂದವ್ರು ನೀವೊಬ್ರೇ.”

ಮುದುಕರು ನಗಲಿಲ್ಲ.

ಅವರು ತಿಪ್ಪಸಂದ್ರದವರು. ಬಸ್ಸು ಬದಲಿಸಿ, ದಾರಿಯಲ್ಲಿ ಕೆಂಗಲ್ಲಿನಲ್ಲಿ ಇಳಿದು ಹನುಮಂತರಾಯನಿಗೆ ಕೈಮುಗಿದು, ಹಣೆಗೆ ಸಿಂಧೂರ ಹಚ್ಚಿಕೊಂಡೇ ಚನ್ನಪಟ್ಟಣಕ್ಕೆ ಬರುತ್ತಿದ್ದರು. ಎಪ್ಪತ್ತೊಂದರ ಸಮುದ್ರ ಯುದ್ಧದ ಹಡಗೊಂದು ಬೇಕು, ಅದು ಹೇಗೆ ಮುಳುಗಿತೆಂದು ನೋಡಬೇಕು ಎಂದು ಮೊದಲ ದಿನವೇ ಹೇಳಿದ್ದರು. ಶಾಲೆಯ ಮಕ್ಕಳಿಗೆ ತೋರಿಸಲು ಇರಬೇಕೆಂದು ನಿಯಾಜ್ ತಾನೇ ಅಂದುಕೊಂಡ. ಮೇಷ್ಟ್ರೇ ಎಂದು ಕರೆದ. ಅವರು ಅಲ್ಲವೆನ್ನಲಿಲ್ಲ.

“ಕರಾಚಿ ಬಂದರಿಗೆ ನಮ್ಮೋರು ಬೆಂಕಿ ಇಟ್ರಲ್ಲ, ಅದೇ ಯುದ್ಧ ತಾನೇ?”

“ಅದು ಗೆದ್ದದ್ದು. ಎಲ್ರೂ ಅದನ್ನೇ ಹೇಳ್ತಾರೆ. ಇದು ಅದಾದ್ಮೇಲೆ. ನೀರೊಳಗಿಂದ ಟಾರ್ಪೆಡೊ ಬಂತು.” ಮುದುಕರು ಜೇಬಿನಿಂದ ಒಂದು ಹಾಳೆ ತೆಗೆದರು. ಮಡಿಕೆಗಳಲ್ಲಿ ಹರಿದು, ಮತ್ತೆ ಅಂಟಿಸಿದ ಹಾಳೆ. ಒಂದೇ ಚಿತ್ರದ ಮೇಲೆ ನಾಲ್ಕಾರು ಬಣ್ಣದ ಶಾಯಿಯಲ್ಲಿ ಅಳತೆಗಳನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದರು. “ತಳಕ್ಕೆ ಸೀಸ ಹಾಕು. ಪಕ್ಕದಲ್ಲಿ ತೂತು ಇಷ್ಟು. ಒಳಗೊಂದು ಕೋಣೆ, ಮೇಲಿಂದ ಕಾಣ್ಬೇಕು, ಅದಕ್ಕೊಂದು ಬಾಗಿಲು. ಅಲ್ಲಿ ನೀರು ತುಂಬಿದಷ್ಟೇ ಹೊತ್ತಿಗೆ ಇಲ್ಲೂ ತುಂಬ್ಬೇಕು. ಲೆಕ್ಕ ನಂದು, ಮರ ನಿಂದು. ಕೂದಲಷ್ಟೂ ಹೆಚ್ಚು ಕಮ್ಮಿ ಆಗ್ಬಾರ್ದು.”

“ಬೊಂಬೆ ಎಷ್ಟು ಇಡ್ಲಿ?”

“ಒಂದು. ಬಿಳಿ ಟೋಪಿ.”

“ಯುದ್ಧದ ಹಡಗಿಗೆ ಒಂದೇನಾ? ಒಸಿ ಜಾಸ್ತಿ ಇಡ್ತೀನಿ, ಮಕ್ಳು ಖುಷಿ ಪಡ್ತವೆ.”

“ಬಾಗಿಲ ಹಿಂದೆ ಇದ್ದವನು ಒಬ್ಬನೇ,” ಎಂದರು ಮುದುಕರು.

ನಿಯಾಜ್ ಒಂದು ವಾರ ಆ ಹಡಗಿನ ಕೆಲಸಕ್ಕೇ ಕುಳಿತ. ಸೀಸ ತುಂಬಿದ. ಅಳತೆ ಹಿಡಿದು ತೂತು ಕೊರೆದ. ಬಿಳಿ ಟೋಪಿಯ ಬೊಂಬೆಯನ್ನು ಕೋಣೆಯ ನೆಲಕ್ಕೆ ಭದ್ರವಾಗಿ ಅಂಟಿಸಿದ. ಕೊನೆಗೆ, ಮಕ್ಕಳು ಬೆರಳು ಹಾಕದ ಜಾಗ ಎಲ್ಲಿದೆ ಎಂದುಕೊಂಡು, ಸಿಬಿರು ಎದ್ದಿದ್ದ ಕಡೆಗೆಲ್ಲ ಬಿಸಿ ಅರಗನ್ನು ದಪ್ಪಗೆ ಸವರಿ ನುಣುಪು ಮಾಡಿದ. ಹಡಗು ಹೊಳೆಯಿತು. ಮೇಷ್ಟ್ರು ಈ ಸಲ ದೂರು ಹೇಳಲಾರರು.

ಅವರು ಬಂದ ದಿನ ಅಂಗಡಿಯ ಮುಂದೆಯೇ ನೀಲಿ ಟಬ್ಬಿಗೆ ನೀರು ತುಂಬಿಸಿದ. ಮುದುಕರು ಚಪ್ಪಲಿ ಬಿಟ್ಟು, ಪೂಜೆಗೆ ಕೂರುವ ಹಾಗೆ ನೆಲದ ಮೇಲೆ ಕುಳಿತರು. ಹಡಗನ್ನು ನೀರಿಗೆ ಬಿಟ್ಟು, ತೂತಿನ ಮೇಲಿದ್ದ ಬೆರಳು ತೆಗೆದರು.

“ಒಂದು. ಎರಡು. ಮೂರು.”

ಗಡಿಯಾರದ ಹಾಗೆ ಎಣಿಸಿದರು. ನೀರು ಕೋಣೆಗೆ ನುಗ್ಗಿತು. ಬೊಂಬೆಯ ಮೊಣಕಾಲು ಮುಚ್ಚಿತು.

“ಹತ್ತೊಂಬತ್ತು. ಇಪ್ಪತ್ತು.”

ಅಲ್ಲಿ ಅವರ ದನಿ ನಿಂತಿತು. ಬೊಂಬೆಗೆ ನೀರು ಸೊಂಟದವರೆಗೆ ಬಂದಿತ್ತು. ಮುಂದಿನ ಎಣಿಕೆ ತುಟಿಯಲ್ಲಿ ಮಾತ್ರ ನಡೆಯಿತು. ಟೋಪಿ ಮುಳುಗಿ, ಹಡಗು ವಾಲಿ ತಳ ಸೇರಿದಾಗ ನಿಯಾಜ್ ಚಪ್ಪಾಳೆ ತಟ್ಟಿಬಿಟ್ಟ.

“ನೋಡಿದ್ರಾ ಮೇಷ್ಟ್ರೇ! ನಿಧಾನಕ್ಕೆ ಮುಳುಗ್ತದೆ. ಒಸಿ ಟೈಮ್ ಐತೆ.”

“ಹೌದು,” ಎಂದರು ನಂಜುಂಡಯ್ಯ. “ಟೈಮ್ ಇತ್ತು.”

ಒದ್ದೆ ಹಡಗನ್ನು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಎದ್ದರು. ಅಳತೆಯ ಹಾಳೆ ಬೆಂಚಿನ ಮೇಲೆಯೇ ಉಳಿಯಿತು. ನಿಯಾಜ್ ಕೂಗಿದ. ಅವರು ತಿರುಗಿ ನೋಡಲಿಲ್ಲ.

ತಿಂಗಳು ಕಳೆದ ಮೇಲೆ ತಲೆ ಬೋಳಿಸಿಕೊಂಡ ಒಬ್ಬಾತ ಅದೇ ಹಡಗನ್ನು ತಂದು ಲೇತಿನ ಪಕ್ಕದಲ್ಲಿಟ್ಟ. ನಂಜುಂಡಯ್ಯನವರ ಮಗ, ಮಧುಕುಮಾರ್.

“ಮನೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ ಭಾಯ್. ನೀವೇ ಮಡೀಕೊಳ್ಳಿ.”

“ಮೇಷ್ಟ್ರಿಗೆ ಏನಾಯ್ತು?”

“ಅಪ್ಪ ಯಾವ ಸ್ಕೂಲಲ್ಲೂ ಇರ್ಲಿಲ್ಲ. ನೇವಿಲಿದ್ರು. ಮುಳುಗ್ತಲ್ಲ, ಆ ಹಡಗಲ್ಲೇ ಇದ್ರು.” ಮಧುಕುಮಾರ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. “ನೀರು ನುಗ್ದಾಗ ಒಂದು ಕೋಣೆ ಬಾಗಿಲು ಹಾಕು ಅಂತ ಅಪ್ಪಂಗೆ ಆರ್ಡರ್ ಆಯ್ತಂತೆ. ಒಳಗೆ ನಮ್ಮೂರ ರಾಮಲಿಂಗಣ್ಣ. ಒಟ್ಟಿಗೆ ನೇವಿ ಸೇರ್ದವ್ರು. ಅಪ್ಪ ಇಪ್ಪತ್ತರ ತನಕ ಎಣಿಸ್ತಾ ಕಾದ್ರಂತೆ. ಅವ್ರು ಬರ್ಲಿಲ್ಲ. ಹಾಕ್ಬುಟ್ರು.”

ನಿಯಾಜ್ ಬೆಂಚನ್ನು ಅವನ ಕಡೆಗೆ ಸರಿಸಿದ. ಅವನು ಕೂರಲಿಲ್ಲ.

“ಅವತ್ತಿಂದ ಒಂದೇ ಯೋಚ್ನೆ. ಇಪ್ಪತ್ತಕ್ಕೆ ಕೋಣೆ ತುಂಬಿತ್ತು ಅಂದ್ರೆ ಅವ್ನು ಆಗ್ಲೇ ಹೋಗಿದ್ದ, ನನ್ ತಪ್ಪಿಲ್ಲ ಅನ್ನೋರು. ಇಲ್ಲಿಂದ ಬಂದ ದಿನ ದೇವರ ಮುಂದೆ ದೀಪ ಹಚ್ಚಲಿಲ್ಲ. ‘ಸೊಂಟದವರೆಗೆ ಮಾತ್ರ ಇತ್ತು ಕಣ್ಲಾ ಮಧು, ಜೀವ ಇರೋನ ಮೇಲೆ ಬಾಗಿಲು ಹಾಕ್ಬುಟ್ಟೆ’ ಅಂದ್ರು. ಅನ್ನ ಬುಟ್ರು. ಎಷ್ಟು ಬೇಡಿದ್ರೂ ಬಾಯಿ ತೆಗೀಲಿಲ್ಲ. ಮೊನ್ನೆ ತಿಥಿ ಆಯ್ತು.”

ಮಧುಕುಮಾರ್ ಹೋದ ಮೇಲೆ ನಿಯಾಜ್ ಹಡಗನ್ನು ಕೈಗೆತ್ತಿಕೊಂಡ. ಆಮೇಲೆ ಕಿರುಬೆರಳ ತುದಿಯನ್ನು ತೂತಿನ ಅಂಚಿಗೆ ತಾಗಿಸಿದ. ನುಣ್ಣಗಿತ್ತು. ಒಂದು ಸಿಬಿರೂ ಚುಚ್ಚಲಿಲ್ಲ.

ಅವನು ಗೂಡಿನಲ್ಲಿ ಎತ್ತಿಟ್ಟಿದ್ದ ಅಳತೆಯ ಹಾಳೆಯನ್ನು ಬಿಡಿಸಿದ. ತೂತಿನ ಅಂಚಿಗೆ ತಾನೇ ಸವರಿದ್ದ ಅರಗನ್ನು ಸಣ್ಣ ಉಳಿಯಿಂದ ಸುತ್ತಲೂ ಕೆರೆದು, ಬರಿಯ ಮರ ಹಾಳೆಯ ಅಳತೆಗೆ ಸರಿಯಾಗುವ ತನಕ ತೆಗೆದ. ಟಬ್ಬಿಗೆ ನೀರು ತುಂಬಿದ. ಹಡಗನ್ನು ಬಿಟ್ಟು, ಮುದುಕರು ಎಣಿಸಿದ ಹಾಗೆಯೇ ಎಣಿಸಿದ.

ಹದಿನೇಳು ಎನ್ನುವಷ್ಟರಲ್ಲಿ ಬಿಳಿ ಟೋಪಿಯ ಮೇಲೆ ನೀರು ಮುಚ್ಚಿಕೊಂಡಿತು.