ಕೈಗುಣ

ರಾತ್ರಿ ಕೆಳಗಿನಿಂದ ಸಣ್ಣಗೆ 'ಕುಂಯ್' ಎಂಬ ಸದ್ದು ಬಂತು. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡನೇ ಸಲ ನೋಡಲು ಎದ್ದಿದ್ದ ಹರಿಣಿ ಕಿಟಕಿಗೆ ಬಂದಳು. ಸೊಸೈಟಿಯ ಕಸದ ಟ್ರಾಲಿ ಎಳೆಯುವ ಹಳೆಯ ಮಿನಿ ಟ್ರ್ಯಾಕ್ಟರಿನ ಮೇಲೆ ಡ್ರೈವರ್ ಶರೀಫ ಕೂತಿದ್ದ. ನಿಂತಲ್ಲೇ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದ. ತಿರುಗಿಸಿದಾಗಲೆಲ್ಲ ಅದು ಹಸಿದ ನಾಯಿಮರಿಯಂತೆ ಅಳುತ್ತಿತ್ತು. ಅದರ ರೋಗ ಹುಡುಕುತ್ತ ಅವನು ಕುರ್ಲಾದ ಮನೆಗೆ ಹೋಗಬೇಕಾದ ಲೋಕಲ್ ರೈಲನ್ನೂ ಬಿಟ್ಟಿದ್ದ.

ಟ್ರ್ಯಾಕ್ಟರನ್ನು ವಿಜಯಪುರದ ತನ್ನ ಸೋದರಮಾವನಿಂದ ಕೊಂಡು ಮುಂಬೈ ದಹಿಸರಿನ ಈ ಹೌಸಿಂಗ್ ಸೊಸೈಟಿಯ ಕೊರಳಿಗೆ ಕಟ್ಟಿದವನು ಅವಳ ಗಂಡ, ಚೇರ್‌ಮನ್ ಗುರಲಿಂಗಪ್ಪ. "ಪವರ್ ಸ್ಟೀರಿಂಗ್ ಐತ್ರಿ, ಒಂದ ಬೆರಳಿಲೆ ತಿರಗತೈತಿ," ಎಂದು ಮೀಟಿಂಗಿನಲ್ಲಿ ಬೆರಳೆತ್ತಿ ತೋರಿಸಿದ್ದ. ಖಂಡೇನವಮಿಯ ಆಯುಧಪೂಜೆ ಮುಗಿದ ಮರುದಿನದಿಂದ ಅದನ್ನು ತಿರುಗಿಸಲು ಎರಡು ಕೈಯೂ ಸಾಲುತ್ತಿರಲಿಲ್ಲ.

ಬೆಳಿಗ್ಗೆ ಗಾಡಿಯ ಸುತ್ತ ತಜ್ಞರು ನೆರೆದರು. ಅಂದರೆ ಕಮಿಟಿಯವರು. ಹರಿಣಿಯೂ ಕೆಳಗಿಳಿದು ಬಂದು ಒಂದು ಬದಿಗೆ ನಿಂತಳು.

"ಟಯರಲ್ಲಿ ಗಾಳಿ ಇಲ್ಲ ಮಾರಾಯ್ರೆ," ಎಂದ ಸೆಕ್ರೆಟರಿ ದೂಜ. ಅವನು ಜನ್ಮದಲ್ಲಿ ಸೈಕಲ್ಲೂ ತುಳಿದವನಲ್ಲ.

"ಗಾಳಿ ನೋಡೇನ್ರಿ," ಎಂದ ಶರೀಫ. "ಬೆಲ್ಟ್ ಬಿಗಿ ಐತಿ. ಪೈಪ್ ಎಲ್ಲೂ ಸೋರವಲ್ದು. ಎಣ್ಣಿ ಹೊಸಾದ ಹಾಕೇನಿ. ಆದ್ರೂ ನೊರಿ ಕಟ್ಟತೈತ್ರಿ. ಸ್ಟೀರಿಂಗ್ ಪಂಪಿಗೆ ಉಸರ ಕಟ್ಟಿದಂಗ ಆಗೈತಿ."

"ಪಂಪಿಗೆ ಉಸರು!" ಗುರಲಿಂಗಪ್ಪ ಎಲ್ಲರ ಕಡೆ ತಿರುಗಿ ನಕ್ಕ. "ಗುಳಗಿ ಬರದ ಕೊಡೋ ಡಾಕ್ಟರ್ರ."

ಶರೀಫ ಗಾಡಿಯತ್ತ ಬಾಗಿದ. ಎಂಜಿನ್ ಚಾಲೂ ಇಟ್ಟೇ ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳವನ್ನು ಅಂಚು ಹಿಡಿದು ಮೆಲ್ಲಗೆ ತಿರುವಿದ. ಮುಚ್ಚಳದ ತುಂಬ ಕುಂಕುಮ ಮೆತ್ತಿತ್ತು. ಹಚ್ಚಿದವಳು ಹರಿಣಿಯೇ, ಗಾಳಿಗೆ ಹಾರಬಾರದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಳು. "ಇನ್ನಷ್ಟ ಹಚ್ಚ, ಫೋಟೋದಾಗ ಕಾಣಬೇಕು," ಎಂದು ಗಂಡ ಮೊಬೈಲ್ ಹಿಡಿದು ಕೂಗುತ್ತಿದ್ದ. ಅದನ್ನು ಒರೆಸಬಾರದೇ ಎಂದು ನಿನ್ನೆ ಅವಳೇ ಕೇಳಿದ್ದಕ್ಕೆ ಶರೀಫ ನಕ್ಕಿದ್ದ. "ಪೂಜಿ ಕುಂಕಮ ಐತ್ರಿ ಅಕ್ಕಾರ. ನಾ ಒರಿಸಿದ್ನೆಂದ್ರ ನಾಳೆ ಅದರದೊಂದು ಮೀಟಿಂಗ್ ಕರೀತಾರ."

ಮುಚ್ಚಳ ಸಡಿಲಾದದ್ದೇ 'ಫುಸ್' ಎಂದಿತು. ಗಾಡಿಯ ಅಳು ತಗ್ಗಿತು. ಮುಚ್ಚಿದ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಎಲ್ಲರೂ ಮಾತಾಡುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ. ಹರಿಣಿಗೆ ಕೇಳಿಸಿತು. ಅಡುಗೆ ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಇಳಿಯದು, ಗಾಳಿ ಒಳಹೋಗಲು ಇನ್ನೊಂದು ಬೇಕು. ಈ ಮುಚ್ಚಳದಲ್ಲೂ ಅಂಥದೊಂದು ಇರಬಹುದೇ? ಖಾತ್ರಿಯಿರಲಿಲ್ಲ. ಖಾತ್ರಿಯಿಲ್ಲದ್ದನ್ನು ನಾಲ್ಕು ಜನರ ಮುಂದೆ ಆಡುವವಳಲ್ಲ ಅವಳು. ಹೇಗೆ ಹೇಳಿದರೆ ಸರಿಯಾದೀತೆಂದು ಮಾತು ಆರಿಸುತ್ತ ನಿಂತಳು.

"ಇಳಿ ಕೆಳಗ. ಓಡಸೂದು ಹೆಂಗಂತ ನಾ ತೋರಸ್ತೀನಿ," ಎಂದು ಗುರಲಿಂಗಪ್ಪ ಹತ್ತಿ ಕೂತ. ಗಾರ್ಡನ್ನಿನ ತಿರುವಿನಲ್ಲಿ ಒಂದು ಬೆರಳಿನಿಂದ ಆಗಲಿಲ್ಲ, ಹತ್ತು ಬೆರಳಿನಿಂದಲೂ ಆಗಲಿಲ್ಲ. ಟ್ರ್ಯಾಕ್ಟರ್ ನೆಟ್ಟಗೆ ಹೋಗಿ, ಉದ್ಯಾನದ ದಾನಿಯ ಹೆಸರು ಕೆತ್ತಿದ ಗ್ರಾನೈಟ್ ಹಲಗೆಗೆ ಗುದ್ದಿತು. ದಾನಿ ಗುರಲಿಂಗಪ್ಪನೇ. 'ಗುರ' ಒಂದು ಕಡೆ ಬಿತ್ತು, 'ಲಿಂಗಪ್ಪ' ಇನ್ನೊಂದು ಕಡೆ.

"ನಾಳಿಂದ ಬರಬ್ಯಾಡ ನೀ!" ಇಳಿದವನೇ ಶರೀಫನ ಮೇಲೆ ಏರಿಹೋದ.

"ಸಾಹೇಬ್ರ, ಓಡಿಸಿದವ್ರು ನೀವು..."

"ಕೆಡಿಸಿದವ ನೀನು! ಕೈಗುಣ ಅಂತಿರತೈತಿ. ಪೂಜಿ ಮಾಡಿದ ಗಾಡಿಗೆ ಎಂಥವರ ಕೈ ಹತ್ತಬೇಕು ಅನ್ನೂದ ನಾ ಮೊದಲ ವಿಚಾರ ಮಾಡಬೇಕಿತ್ತು."

ದೂಜ ತನ್ನ ಚಪ್ಪಲಿ ನೋಡಿಕೊಂಡ. ಕಮಿಟಿಯವರಿಗೆ ಒಬ್ಬರಾದ ಮೇಲೊಬ್ಬರಿಗೆ ಆಫೀಸಿನ ನೆನಪಾಯಿತು. ಶರೀಫ ಟಿಫಿನ್ ಚೀಲ ಎತ್ತಿಕೊಂಡು ಹರಿಣಿಯ ಮುಂದೆ ಹಾಯುವಾಗ, "ಬರ್ತೀನ್ರಿ ಅಕ್ಕಾರ. ಪಂಪ್ ಬದಲಿ ಮಾಡಸಬ್ಯಾಡ ಅನ್ರಿ, ಪಂಪ್ ಚಲೋ ಐತಿ," ಎಂದು ಸ್ಟೇಷನ್ ಕಡೆ ನಡೆದ. ಅವಳ ಮಾತು ಇನ್ನೂ ಆರಿಸಿ ಮುಗಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮುಚ್ಚಳದ ಕುಂಕುಮವನ್ನು ಉಗುರಿನಿಂದ ಕೆರೆದಳು. ನಡುವೆ ಸಾಸಿವೆಯಷ್ಟು ತೂತು, ಕುಂಕುಮದ ಗಾರೆ ತುಂಬಿ ಕಲ್ಲಾಗಿತ್ತು. ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ಟ್ರ್ಯಾಕ್ಟರ್ ಒಳಗೆಲ್ಲೋ ಉಸಿರೆಳೆದುಕೊಂಡಿತು.

ಗಾಡಿಯನ್ನು ತಿರುವಿನಿಂದ ಸರಿಸಲು ಬಂದ ಗುರಲಿಂಗಪ್ಪ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ಆಚೀಚೆ ಎಳೆದಾಡಿದ. ಅಳು ಸಣ್ಣದಾಗುತ್ತ ಬಂದು ನಿಂತೇ ಹೋಯಿತು. ಕೊನೆಗೆ ಒಂದೇ ಬೆರಳಿಟ್ಟ, ಚಕ್ರ ತಿರುಗಿತು.

"ನೋಡಿದ್ಯಾ? ಅವ ಅತ್ಲಾಗ ಹೋದ, ಗಾಡಿ ಇತ್ಲಾಗ ಹಗರಾತು! ನಾ ಹೇಳಿದ್ದು ಸುಳ್ಳಾತೇನ?" ಆಗಲೇ ಅವನು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಕಳಿಸಲು ವಿಡಿಯೋ ತೆಗೆಯುತ್ತಿದ್ದ. "ಹೋಗು, ಕುಂಕಮದ ಡಬ್ಬಿ ತಗೊಂಡ ಬಾ. ದೃಷ್ಟಿ ತಗದಂಗಾತು."

ಇಷ್ಟೊತ್ತಿಗೆ ಶರೀಫನ ಲೋಕಲ್ ಅಂಧೇರಿ ದಾಟಿರಬೇಕು. ಹೇಳಬೇಕಾದ ಮಾತು ಈಗ ಅವಳ ಬಾಯಲ್ಲಿ ತಪ್ಪಿಲ್ಲದೆ ಸಿದ್ಧವಾಗಿತ್ತು: ತೂತು ಮುಚ್ಚಿದವಳು ನಾನು. ಅವಳು ಗಂಡನ ಮುಖ ನೋಡಿದಳು. ಮೇಲಿನ ಕಿಟಕಿಗಳನ್ನು ನೋಡಿದಳು. ಮೇಲೆ ಹೋಗಿ ಡಬ್ಬಿ ತಂದಳು.

"ದೊಡ್ಡದ ಹಚ್ಚ," ಎಂದ ಅವನು ಮೊಬೈಲ್ ಹಿಡಿದು.

ಯಾರಿಗೂ ಹೇಳುವುದು ಬೇಡ ಎಂದು ನಿರ್ಧರಿಸಿ ಹರಿಣಿ ಬೆರಳನ್ನು ಕುಂಕುಮದಲ್ಲಿ ಅದ್ದಿದಳು. ತೂತಿನಿಂದ ಒಂದಿಷ್ಟು ಈಚೆಗೆ, ಮುಚ್ಚಳದ ಅಂಚಿಗೆ, ಬಹಳ ಜೋಪಾನವಾಗಿ ಹಚ್ಚಿದಳು.