ಮಾಳಿಗೆ ಕೋಣೆಯ ಬಾಡಿಗೆದಾರರು

ಠಸ್ಸೆಯ ಶಾಯಿಯ ವಾಸನೆ ಬಂದರೆ ಸಾಕು, ಈಗಲೂ ನನ್ನ ಗಂಟಲಲ್ಲಿ ಒಂದು ಓಣಿಯೇ ಕೆಮ್ಮತೊಡಗುತ್ತದೆ.

ಬೀಳಗಿ ಕಡೆಯ ನಮ್ಮ ಊರು ಡ್ಯಾಮಿನ ನೀರಿಗೆ ಹೋದ ಮೇಲೆ ಜಮಖಂಡಿಯಲ್ಲಿ ಮನೆ ಕೊಂಡಿದ್ದೆವು. ಹೊಸ ಶಾಲೆಯಲ್ಲಿ ನನ್ನ ಹೆಸರೇ ‘ಮುಳುಗಡಿ’. ಆಡಲು ಯಾರೂ ಕರೆಯುತ್ತಿರಲಿಲ್ಲ. ಮಾಳಿಗೆಯ ಖಾಲಿ ಕೋಣೆಯಲ್ಲಿ ಒಬ್ಬನೇ ಕುಳಿತು, ಹಳೆಯ ಓಣಿಯವರ ದನಿಗಳನ್ನೆಲ್ಲ ಅನುಕರಿಸುತ್ತಿದ್ದೆ. ಕರಕ್ಕಾಗಿ ಮನೆ ಅಳೆಯಲು ಬಂದ ಪುರಸಭೆಯವನು ಕೆಳಗಿನಿಂದಲೇ ಆ ಗದ್ದಲ ಕೇಳಿ, ‘ಕೋಣೆ ಬಾಡಿಗೆಗೆ ಕೊಟ್ಟಿದೆ’ ಎಂದು ಬರೆದುಕೊಂಡು ಹೋದ. ಮನೆ ಕರ ಎರಡರಷ್ಟಾಯಿತು. ಅಷ್ಟು ಕಟ್ಟಲಾಗದ ಅಪ್ಪ ವಕೀಲರನ್ನು ಹಿಡಿದು ಮೇಲ್ಮನವಿ ಹಾಕಿಸಿದ.

ವಿಚಾರಣೆಯ ಮಧ್ಯಾಹ್ನ ವಕೀಲರು ನನ್ನನ್ನು ಪುರಸಭೆಯ ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದರು.

“ನೋಡ್ರಿ ಸಾಹೇಬ್ರ, ಬಾಡಿಗಿ ಮಂದಿ ಅಂದ್ರ ಇವನ. ಮಾಡಲೇ ತಮ್ಮಾ!”

ನನ್ನೊಳಗಿನ ಮಂಗನಿಗೆ ಅಷ್ಟೇ ಸಾಕಿತ್ತು. ಹಳೆಯ ಓಣಿಯ ಗಂಗವ್ವಜ್ಜಿಯ ಬೈಗುಳ, ದರ್ಜಿ ಕಾಕಾನ ಕೆಮ್ಮು, ಮಲ್ಲಪ್ಪ ಮಾವನ ಆಕಳಿಕೆ, ಕೊನೆಗೆ ವಕೀಲರದೇ “ಮಾಡಲೇ ತಮ್ಮಾ!” ಕಚೇರಿಯೆಲ್ಲ ನಕ್ಕಿತು.

ಸಾಹೇಬರು ಕಣ್ಣೊರೆಸಿಕೊಳ್ಳುತ್ತ, “ಇವರೆಲ್ಲಾ ಈಗ ಎಲ್ಲಿ ಅದಾರಪಾ?” ಎಂದು ಕೇಳಿದರು.

“ಒಬ್ಬೊಬ್ಬರು ಒಂದೊಂದು ಕಡಿ ಹೋಗ್ಯಾರ್ರಿ. ನಮಗೂ ಗೊತ್ತಿಲ್ರಿ,” ಅಂದ ಅಪ್ಪ.

‘ಸದರಿ ಕೋಣೆಯಲ್ಲಿ ಯಾರೂ ವಾಸವಿಲ್ಲ’ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದ ಸಾಹೇಬರು ಠಸ್ಸೆ ಒತ್ತಿದರು. ಕರ ಇಳಿಯಿತು. ವಕೀಲರು ನನ್ನ ಬೆನ್ನು ತಟ್ಟಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಅಪ್ಪ ನಿಂತ. ಆಮೇಲೆ ಅತ್ತ ಮುಖ ಮಾಡಿ, “ಗಂಗವ್ವಜ್ಜಿ ಕಡಿಂದ ನನ್ನ ಒಂದ್ಸಲ ಬೈಸಲೇ,” ಅಂದ.