ದಳವಾಯಿಯ ಕೊನೆಯ ಅಧ್ಯಾಯ

ಐದನೆಯ ಪುಸ್ತಕದಲ್ಲಿ ತಾನು ಸಾಯುತ್ತೇನೆಂಬ ಸುದ್ದಿ ತಮ್ಮಯ್ಯನಿಗೆ ತಿಳಿದದ್ದು ಒಂದು ಭಾನುವಾರ ಬೆಳಗ್ಗೆ, ಡೈರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದಾಗ. ಸುದ್ದಿ ತಂದವಳು ಮೀನಾಕ್ಷಿ. ಹಗರೆಯ ಇದೇ ಬೀದಿಯಲ್ಲಿ ಬೆಳೆದವಳು, ಈಗ ಅರಸೀಕೆರೆಯ ಕಾಲೇಜೊಂದರಲ್ಲಿ ಮೇಡಂ. ಮಕ್ಕಳಿಗಾಗಿ ಅವಳು ಬರೆಯುತ್ತಿದ್ದ ಮಾಯಾಲೋಕದ ಕಾದಂಬರಿಗಳಲ್ಲಿ ಮಾಟಗಾರರ ಬೆನ್ನಟ್ಟುವ ಒಕ್ಕಣ್ಣ ದಳವಾಯಿ ಬೇರಾರೂ ಅಲ್ಲ, ನಿವೃತ್ತ ಪೊಲೀಸ್ ದಫೇದಾರ ತಮ್ಮಯ್ಯನೇ. ಅದೇ ಸುಟ್ಟ ಕೆನ್ನೆ, ಅದೇ ಕುಂಟುಗಾಲು, ಅದೇ ಮುಚ್ಚಿಹೋದ ಎಡಗಣ್ಣು. ಸರಣಿ ಮುಗಿಯಬೇಕಿದೆ, ದಳವಾಯಿ ಸಾಯದೆ ಮುಗಿಯುತ್ತಿಲ್ಲ, ಅಚ್ಚಿಗೆ ಕೊಡುವ ಮೊದಲು ನಿಮ್ಮನ್ನೊಂದು ಮಾತು ಕೇಳೋಣವೆಂದು ಬಂದೆ ಎಂದು ಅವಳು ಹೇಳಲಾರದೆ ಹೇಳಿದಳು.

"ಹೆಂಗೆ ಸಾಯ್ತೀನವ್ವ?"

"ಕೆರೆ ಏರಿ ಮೇಲೆ, ಮಾವ. ಒಂದು ಮಗೂನ ಉಳಿಸೋಕೆ ಹೋಗಿ."

ತಮ್ಮಯ್ಯ ನಕ್ಕ. ನಕ್ಕರೆ ಅವನ ಮುಖದ ಬಲಗಡೆಯಷ್ಟೇ ನಗುತ್ತಿತ್ತು. "ಮಗೂನ ಉಳ್ಸಿದ್ದು ನಾನಲ್ಲ ಕಣವ್ವ. ಪುಟ್ಟರಾಜು."

ಆ ಹೆಸರನ್ನು ಮೀನಾಕ್ಷಿ ಕೇಳಿರಲೇ ಇಲ್ಲ. ಚಿಕ್ಕಂದಿನಲ್ಲಿ ಇದೇ ಜಗಲಿಯ ಮೇಲೆ ಕೇಳಿದ ಕಥೆಗಳಲ್ಲೆಲ್ಲ ತಮ್ಮಯ್ಯ ಒಬ್ಬನೇ ಇರುತ್ತಿದ್ದ. ಈಗ ಮೊದಲ ಸಲ ಅವನು ಇಬ್ಬರ ಕಥೆ ಹೇಳಿದ. ಆಗ ಇಬ್ಬರೂ ಕಾನ್‌ಸ್ಟೇಬಲ್‌ಗಳು. ಹಳೇಬೀಡಿನ ಸುತ್ತ ಪಾಳುಗುಡಿಗಳಲ್ಲಿ ನಿಧಿ ಅಗೆಯುವವರು, ನಿಂಬೆಹಣ್ಣು ಮಂತ್ರಿಸಿ ಊರೂರನ್ನೇ ಹೆದರಿಸುವವರು ಮೆರೆಯುತ್ತಿದ್ದ ಕಾಲ. ಇಬ್ಬರಿಗೂ ಸೇರಿ ಒಂದು ಸೈಕಲ್. ತುಳಿಯುವವನು ಪುಟ್ಟರಾಜು, ಹಿಂದೆ ಲಾಠಿ ಹಿಡಿದು ಕೂರುವವನು ತಮ್ಮಯ್ಯ. ಏರು ಬಂದರೆ ಇಳಿದು ತಳ್ಳುವುದು. ಇಳಿಜಾರು ಬಂದರೆ ಪುಟ್ಟರಾಜು ಎರಡೂ ಕೈ ಬಿಟ್ಟು ಗಂಟಲು ಹರಿಯುವಂತೆ ಹಾಡುವುದು. ಜಾವಗಲ್ ಸಂತೆಯಲ್ಲಿ ಕಡಲೆಪುರಿ ಕಟ್ಟಿಸಿಕೊಂಡು ದಾರಿಯುದ್ದಕ್ಕೂ ತಿನ್ನುತ್ತ ಹೋದವರು, ಬರುವಾಗ ಒಬ್ಬ ಮಂತ್ರವಾದಿಯನ್ನು ನಡೆಸಿಕೊಂಡು ಬರುತ್ತಿದ್ದರು. ಹಾಗೆ ಹನ್ನೊಂದು ಜನ. ಆ ಕಡಲೆಪುರಿಯ ರುಚಿ ಆಮೇಲೆ ಯಾವ ಸಂತೆಯಲ್ಲೂ ಸಿಗಲಿಲ್ಲ ಎಂದ ತಮ್ಮಯ್ಯ.

ಹನ್ನೆರಡನೆಯವನು ಎದುರಾದದ್ದು ಒಂದು ಅಮಾವಾಸ್ಯೆಯ ಸಂಜೆ. ಪಾಳುಗುಡಿಯೊಳಗೆ ಆಳೆತ್ತರದ ಗುಂಡಿ, ಗುಂಡಿಯಲ್ಲಿ ಬಲಿಗೆಂದು ಕೂರಿಸಿದ ನಾಲ್ಕು ವರ್ಷದ ಮಗು. ಮಂತ್ರವಾದಿ ಕಾದ ಎಣ್ಣೆಯನ್ನು ಬಾಣಲೆ ಸಮೇತ ಎತ್ತಿ ತಮ್ಮಯ್ಯನ ಮುಖಕ್ಕೆ ಎರಚಿದ; ಅವನ ಜೊತೆಯವನು ಕಾಲಿಗೆ ಮಚ್ಚು ಬೀಸಿದ. ತಮ್ಮಯ್ಯ ಗುಂಡಿಯ ಅಂಚಿಗೆ ಬಿದ್ದ. ಉಳಿದ ಒಂದು ಕಣ್ಣಿಗೆ ಕಂಡದ್ದಿಷ್ಟು: ಪುಟ್ಟರಾಜು ಗುಂಡಿಗೆ ಹಾರಿ ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟ, ತಾನೂ ಹತ್ತಲು ಕೈ ಚಾಚಿದ, ಅಷ್ಟರಲ್ಲಿ ಬುಡ ಸಡಿಲವಾಗಿದ್ದ ಕಲ್ಲುಕಂಬ ಅವನ ಮೇಲೆ ಉರುಳಿತು. ಓಡಿದವರನ್ನು ಊರವರು ಹಿಡಿದರು, ಜೈಲೂ ಆಯಿತು. ಪುಟ್ಟರಾಜುವಿನ ಮದುವೆಗೆ ಆಗ ಹದಿನೆಂಟು ದಿನ ಉಳಿದಿತ್ತು.

ಹುಡುಗಿ ಕಣಕಟ್ಟೆಯವಳು. ಅವಳ ಕಾಲ್ಗುಣವೇ ಸರಿಯಿಲ್ಲವೆಂದು ಜನ ಆಡಿಕೊಂಡರು. ಅದು ಕಿವಿಗೆ ಬಿದ್ದದ್ದೇ, ತಮ್ಮಯ್ಯ ಮುಖದ ಪಟ್ಟಿ ಬಿಚ್ಚುವ ಮೊದಲೇ ಕಣಕಟ್ಟೆಯ ಬಸ್ಸು ಹತ್ತಿ ಅವಳ ಅಪ್ಪನ ಎದುರು ನಿಂತು ಹೆಣ್ಣು ಕೇಳಿದ. ಅಪ್ಪ ನಿಂತ ಕಾಲಲ್ಲೇ ಒಪ್ಪಿದ. ಅವಳೇ ಚಲುವಮ್ಮ, ಮೂವತ್ತೊಂಬತ್ತು ವರ್ಷಗಳಿಂದ ಈ ಮನೆಯ ಯಜಮಾನಿ. ಮಜ್ಜಿಗೆ ತಂದವಳು ಗಂಡನ ಮಾತು ಕೇಳುತ್ತ ಬಾಗಿಲಲ್ಲೇ ನಿಂತಿದ್ದಳು. ಜಗಲಿಯ ಇಬ್ಬರೂ ಅವಳನ್ನು ಗಮನಿಸಿರಲಿಲ್ಲ.

"ನನ್ನ ಸಾಯ್ಸು, ಬೇಜಾರಿಲ್ಲ," ಎಂದ ತಮ್ಮಯ್ಯ. "ಆದ್ರೆ ಪುಟ್ಟರಾಜುನ ಪುಸ್ತಕಕ್ಕೆ ಕರ್ಕಂಡು ಬಾ. ಗುಂಡಿಯಿಂದ ಮೇಲಕ್ಕೆ ಹತ್ಸು. ಆ ಹುಡುಗೀನ ಅವನಿಗೇ ಕೊಟ್ಟು ಮದುವೆ ಮಾಡು. ಅದು ಅವನ ಬಾಳು ಕಣವ್ವ. ನಾನು ಇಷ್ಟು ವರ್ಷ ಕಾದ್ಕಂಡಿದ್ದೆ, ಅಷ್ಟೆ."

ಮೀನಾಕ್ಷಿ ನೋಟ್‌ಬುಕ್ ಬಿಚ್ಚಿದಳು. ಪೆನ್ನು ತೆಗೆದು ಬರೆದುಕೊಳ್ಳತೊಡಗಿದಳು.

"ಇರು ಮೀನಾ, ಈಗ್ಲೇ ಬರೀಬ್ಯಾಡ." ಚಲುವಮ್ಮ ಬಂದು ಲೋಟಗಳನ್ನು ಇಬ್ಬರ ನಡುವೆ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಪುಟ್ಟರಾಜುಗೆ ನಿಕ್ಕಿ ಮಾಡ್ದಾಗ ನನ್ನ ಯಾರೂ ಕೇಳ್ನಿಲ್ಲ. ಇವ್ರು ಬಂದಾಗ್ಲೂ ಅಪ್ಪನ್ನ ಕೇಳುದ್ರು, ನನ್ನ ಕೇಳ್ನಿಲ್ಲ. ಈಗ ಪುಸ್ತಕ್ದಾಗೂ ನೀವಿಬ್ರೇ ಕೂತ್ಕಂಡು ಕೊಟ್ಬುಡ್ತಿದೀರಲ್ಲ."

ರಸ್ತೆಯಲ್ಲಿ ಬೇಲೂರಿನ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಮೀನಾಕ್ಷಿ ಬರೆದ ಎರಡು ಸಾಲನ್ನು ಹೊಡೆದುಹಾಕಿ, ಹೊಸ ಹಾಳೆ ತಿರುವಿ, ಚಲುವಮ್ಮನ ಕಡೆ ತಿರುಗಿ ಕೂತಳು.

"ಸರಿ ಅತ್ತೆ, ಈಗ ಕೇಳ್ತಿದೀನಿ. ಯಾರನ್ನ ಮಾಡ್ಕೋತೀರ?"

"ಯೋಚ್ನೆ ಮಾಡಿ ಹೇಳ್ತೀನಿ," ಎಂದು ಚಲುವಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕಂಬಕ್ಕೆ ಒರಗಿ ಬೀದಿಯ ಕಡೆ ನೋಡುತ್ತ ಕೂತಳು.

ಹನ್ನೆರಡು ಮಂತ್ರವಾದಿಗಳ ಮುಂದೆ ರೆಪ್ಪೆ ಮಿಟುಕಿಸದವನು, ಮಡಚಲು ಬಾರದ ಕಾಲನ್ನು ಕಷ್ಟಪಟ್ಟು ಮಡಚಿ, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು, ಆಗಷ್ಟೇ ಹೆಣ್ಣು ಕೇಳಲು ಬಂದವನ ಹಾಗೆ ತಲೆ ತಗ್ಗಿಸಿ ಕಾಯುತ್ತಿದ್ದ.